ಹೀಟರ್ ಹಾಕಿದರೆ ಪಾಕದ ವಾಸನೆ: ಒಂದು ಕಾರು, ಎರಡು ಕಾಯಿಲೆ

ಬೆಂಗಳೂರಿನವರಿಗೆ ಕಾರಿನ ಹೀಟರ್ ನೆನಪಾಗುವುದೇ ಡಿಸೆಂಬರ್ ಕೊನೆಗೆ. ಜನವರಿ ರಾತ್ರಿ ನಮ್ಮೂರಲ್ಲಿ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. 1884ರ ಜನವರಿಯಲ್ಲಿ ಒಮ್ಮೆ 7.8 ಡಿಗ್ರಿಗೆ ಇಳಿದದ್ದೇ ಇವತ್ತಿಗೂ ದಾಖಲೆ. ಹಾಗಾಗಿ ನಾಬನ್ನು ಕೆಂಪು ಕಡೆಗೆ ತಿರುಗಿಸುವ ಸಂದರ್ಭವೇ ಕಡಿಮೆ. ವರ್ಷವಿಡೀ ಕೆಡುತ್ತಾ ಬಂದ ಹೀಟರ್ ಆ ನಾಲ್ಕೈದು ಚಳಿಯ ಬೆಳಗ್ಗೆಗಳಲ್ಲಿ ಮಾತ್ರ ಬಾಯಿ ಬಿಡುತ್ತದೆ. ಈ ಜನವರಿಯಲ್ಲಿ ನನ್ನ ಗ್ಯಾರೇಜಿಗೆ ಬಂದ ಒಂದು ಕಾರಿನ ಕಥೆ ಪೂರ್ತಿ ಬರೆಯುತ್ತಿದ್ದೇನೆ. ಮೊದಲ ಸಲ ನಾನೇ ಅರ್ಧ ಕೆಲಸ ಮಾಡಿ ಕಾರನ್ನು ಕಳಿಸಿಬಿಟ್ಟಿದ್ದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಕಾರು ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಜಮಾನರು ಜಯನಗರದ ರಿಟೈರ್ಡ್ ಮೇಷ್ಟ್ರು. ಮನೆ ಮುಂದೆ ಹೊಂಗೆ ಮರದ ಕೆಳಗೆ ಗಾಡಿ ನಿಂತಿರುತ್ತದೆ. ವಾರಕ್ಕೆ ಒಂದೆರಡು ಸಲ ಹೊರಟರೆ ಜಾಸ್ತಿ. ಜನವರಿ ಮೊದಲ ವಾರ ಗಂಡ ಹೆಂಡತಿ ಇಬ್ಬರೂ ಚಿಕ್ಕಬಳ್ಳಾಪುರದಲ್ಲಿ ನೆಂಟರ ಮನೆಗೆ ಅಂತ ಬೆಳಗಿನ ಜಾವ ಐದಕ್ಕೆ ಹೊರಟಿದ್ದಾರೆ. ದೇವನಹಳ್ಳಿ ದಾಟುವಾಗ ಮಂಜು, ಚಳಿ. ಹೀಟರ್ ಹಾಕಿದ್ದಾರೆ. ಹತ್ತು ನಿಮಿಷಕ್ಕೆ ವಾಸನೆ ಶುರು. ಅಮ್ಮನಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ತಲೆನೋವು. ಮುಂದಿನ ಗಾಜು ಒಳಗಿನಿಂದ ಮಸುಕಾಗಿ, ಬಟ್ಟೆಯಲ್ಲಿ ಒರೆಸಿದರೂ ಬಿಡದೆ ಎಣ್ಣೆ ಸವರಿದ ಹಾಗಾಗಿದೆ.

ವಾಪಸ್ ಬಂದವರು ಮೊದಲು ಮನೆ ಹತ್ತಿರದ ಒಂದು ಎಸಿ ಅಂಗಡಿಗೆ ಹೋಗಿದ್ದಾರೆ. ಅಲ್ಲಿ ಗಾಳಿ ಬರುವ ಕಿಂಡಿಗಳಿಗೆ ನೊರೆ ಹೊಡೆದು, ಕನ್ನಡಿಗೆ ಒಂದು ಸೆಂಟ್ ಬಾಟಲಿ ತೂಗುಹಾಕಿ ಕಳಿಸಿದ್ದಾರೆ. ಎರಡು ದಿನ ಮಲ್ಲಿಗೆ ವಾಸನೆ. ಮೂರನೇ ದಿನ ಮಲ್ಲಿಗೆಯ ಜೊತೆಗೆ ಹಳೇ ವಾಸನೆ. ಆಮೇಲೆ ನನ್ನ ಹತ್ತಿರ ಬಂದರು.

ವಾಸನೆಯ ಕೇಸಿನಲ್ಲಿ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಕೂತು ಕೇಳುತ್ತೇನೆ. ಎಂಜಿನ್ ತಣ್ಣಗಿರುವಾಗ ಬರುತ್ತದಾ, ಬಿಸಿಯಾದ ಮೇಲಾ? ನಾಬ್ ನೀಲಿ ಕಡೆ ಇದ್ದಾಗಲೂ ಇದೆಯಾ? ಎಸಿ ಹಾಕಿದರೆ? ಹೊರಗಿನ ಗಾಳಿ ಮುಚ್ಚಿದರೆ ಕಮ್ಮಿ ಆಗುತ್ತಾ? ಸಿಗ್ನಲ್‌ನಲ್ಲಿ ನಿಂತಾಗ ಜಾಸ್ತಿನಾ? ಪ್ರತಿ ಉತ್ತರವೂ ಒಂದು ಕಡೆಗೆ ಕೈ ತೋರಿಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆ ವಾಸನೆ ಬಂದರೆ ಎಂಜಿನ್ ಮೇಲಿನ ಕವರ್ ಗ್ಯಾಸ್ಕೆಟ್‌ನಿಂದ (ಸೋರದಂತೆ ಸಂದಿಯಲ್ಲಿ ಕೂರಿಸುವ ಪಟ್ಟಿ) ಆಯಿಲ್ ಜಿನುಗಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿರಬಹುದು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಒಳಗೆ ಗಾಳಿ ಊದುವ ಫ್ಯಾನಿನ, ಅಂದರೆ ಬ್ಲೋವರಿನ ಮೋಟರ್, ಅದರ ರೆಸಿಸ್ಟರ್, ಕನೆಕ್ಟರ್ ನೋಡಬೇಕು. ಅಂಥ ಗಾಡಿಯಲ್ಲಿ ಬ್ಲೋವರ್ ಆಫ್ ಮಾಡಿಯೇ ಗ್ಯಾರೇಜಿಗೆ ಬನ್ನಿ ಅನ್ನುತ್ತೇನೆ. ಕೊಳೆತ ಮೊಟ್ಟೆ ವಾಸನೆ ಬಹಳ ಸಲ ಸೈಲೆನ್ಸರ್ ಕಡೆಯದು.

ಮೇಷ್ಟ್ರು ಹೇಳಿದರು: "ಒದ್ದೆ ಬಟ್ಟೆ ಮೂರು ದಿನ ಮೂಟೆ ಕಟ್ಟಿಟ್ಟ ಹಾಗಿದೆಯಪ್ಪಾ. ಸ್ಟಾರ್ಟ್ ಮಾಡಿದ ತಕ್ಷಣ ಬರುತ್ತೆ."

ಅಮ್ಮ ಒಪ್ಪಲಿಲ್ಲ. "ಅದಲ್ಲ ರೀ. ಸಕ್ಕರೆ ಅಚ್ಚಿಗೆ ಪಾಕ ಇಟ್ಟಾಗ ಬರುತ್ತಲ್ಲ, ಆ ಥರ ಸಿಹಿ ಸಿಹಿ. ಸ್ವಲ್ಪ ದೂರ ಹೋದಮೇಲೆ ಬರೋದು."

"ಸಂಕ್ರಾಂತಿ ಹತ್ತಿರ ಬಂತಲ್ಲ, ಇವಳಿಗೆ ಎಲ್ಲೆಲ್ಲೂ ಪಾಕವೇ" ಅಂದರು ಮೇಷ್ಟ್ರು. ನಾನೂ ಹೂಂಗುಟ್ಟಿದೆ. ಅಲ್ಲೇ ನಾನು ತಪ್ಪಿದ್ದು. ಒಂದು ಕಾರಿನಲ್ಲಿ ಒಂದೇ ವಾಸನೆ ಇರುತ್ತದೆ, ಇಬ್ಬರಲ್ಲಿ ಒಬ್ಬರ ಮೂಗು ತಪ್ಪು ಅಂತ ಅಂದುಕೊಂಡೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಲಿಲ್ಲ. ತಲೆನೋವು ಅಂದ ತಕ್ಷಣ ಮೊದಲು ಹೊಗೆ ಸೋರಿಕೆ ನೋಡಿದೆ. ಕಾರಿನ ಒಳಗೆ ಗಾಳಿ ಬರುವ ದಾರಿ ವೈಪರ್ ಕೆಳಗಿನ ಜಾಲರಿ. ಅದು ಇರುವುದು ಬಾನೆಟ್ಟಿನ ಹಿಂದೆಯೇ. ಎಂಜಿನ್ ಪಕ್ಕದಲ್ಲಿ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಪೈಪಿನ ಗ್ಯಾಸ್ಕೆಟ್ ಬಿರುಕು ಬಿಟ್ಟರೆ ಹೊಗೆಯನ್ನು ಬ್ಲೋವರ್ ಎಳೆದು ಒಳಗೆ ಕಳಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಆದರೆ ಜೀವ ತೆಗೆಯುತ್ತದೆ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಎರಡೇ ಸೆಕೆಂಡ್ ಒತ್ತಿ ಹಿಡಿದು, ನಮ್ಮ ಹುಡುಗ ಬಾನೆಟ್ ಹತ್ತಿರ ಕಿವಿಗೊಟ್ಟ. ಬುಸ್ ಅನ್ನುವ ಸದ್ದಿಲ್ಲ, ಟಿಕ್ ಟಿಕ್ ಇಲ್ಲ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗೂ ಸರಿಯಾಗಿತ್ತು. ಹೊಗೆಯ ಭಯ ಇಲ್ಲ ಅಂತಾದ ಮೇಲೆ ಮುಂದಿನ ಕೆಲಸ.

ಮೊದಲ ಕಾಯಿಲೆ

ಸೆಂಟ್ ಬಾಟಲಿ ತೆಗೆದು, ನಾಲ್ಕೂ ಬಾಗಿಲು ತೆರೆದು ಒಂದು ಗಂಟೆ ಬಿಟ್ಟೆ. ಸೆಂಟ್ ಇದ್ದರೆ ನಮ್ಮ ಮೂಗು ಕೆಲಸ ಮಾಡುವುದಿಲ್ಲ. ಆಮೇಲೆ ಕೂತು ಬ್ಲೋವರ್ ಎರಡರಲ್ಲಿ ಇಟ್ಟೆ. ಮೇಷ್ಟ್ರು ಹೇಳಿದ್ದು ಸರಿ. ಮುಗ್ಗಲು ವಾಸನೆ, ಅದರೊಳಗೆ ಉಚ್ಚೆಯ ಘಾಟು.

ಮುಗ್ಗಲು ಅಂದರೆ ಮೊದಲು ಅನುಮಾನ ಎಸಿಯ ಕೂಲಿಂಗ್ ಕಾಯಿಲ್ ಮೇಲೆ. ಅದು ಯಾವಾಗಲೂ ಒದ್ದೆ. ಅದರ ನೀರು ಕಾರಿನ ಕೆಳಗೆ ತೊಟ್ಟಿಕ್ಕಲು ಒಂದು ಸಣ್ಣ ಪೈಪ್ ಇದೆ. ಅದು ಕಟ್ಟಿಕೊಂಡರೆ ನೀರು ಒಳಗೇ ನಿಂತು ಬೂಷ್ಟು ಬರುತ್ತದೆ. ಹತ್ತು ನಿಮಿಷ ಎಸಿ ಓಡಿಸಿ ಬಗ್ಗಿ ನೋಡಿದೆ. ನೆಲದ ಮೇಲೆ ನೀರಿನ ಚುಕ್ಕೆ ಬೀಳುತ್ತಲೇ ಇತ್ತು. ಪೈಪ್ ಸರಿ ಇದೆ.

ವೈಪರ್ ಬಿಚ್ಚಿ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿದೆ. ಎರಡು ಬೊಗಸೆ ಹೊಂಗೆ ಎಲೆ, ಕಪ್ಪಗಾಗಿ ಗೊಬ್ಬರವಾಗಿತ್ತು. ಅದರಲ್ಲಿ ಒಂದು ಸಣ್ಣ ಸಸಿಯೂ ಮೊಳೆತಿತ್ತು. ಮರಗಳಿರುವ ಬಡಾವಣೆಯ ಯಾವ ಕಾರಿನಲ್ಲೂ ಇದು ಸಿಗುತ್ತದೆ. ನಂತರ ಗ್ಲೋವ್ ಬಾಕ್ಸ್ ಇಳಿಸಿ ಅದರ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದೆ. ಅರ್ಧ ಫಿಲ್ಟರ್ ಮಾತ್ರ ಕೈಗೆ ಬಂತು. ಉಳಿದರ್ಧವನ್ನು ಇಲಿ ಕಡಿದು, ನೂಲು ನೂಲಾಗಿ ಸುರುಳಿ ಸುತ್ತಿ, ಬ್ಲೋವರ್ ಫ್ಯಾನಿನ ಪಕ್ಕ ಮುಷ್ಟಿ ಗಾತ್ರದ ಗೂಡು ಮಾಡಿಕೊಂಡಿತ್ತು. ಗೂಡಿನ ನಡುವೆ ತೆಂಗಿನ ನಾರು, ಶೇಂಗಾ ಸಿಪ್ಪೆ, ಮತ್ತೆ ಹಿತುಕಿದ ಅವರೆಬೇಳೆಯ ತೆಳು ಸಿಪ್ಪೆಗಳು. ಅವು ಇನ್ನೂ ಹಸಿರಾಗಿದ್ದವು. ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಬೀದಿ ತುಂಬಾ ಆ ಸಿಪ್ಪೆಯೇ ಅಲ್ವಾ. ಎಸಿ ಅಂಗಡಿಯವರು ಫಿಲ್ಟರ್ ಹೊರಗೆ ತೆಗೆದೇ ಇರಲಿಲ್ಲ. ನೊರೆ ಈ ಗೂಡಿನ ಮೇಲೇ ಬಿದ್ದಿತ್ತು.

ಇಂಥ ಗೂಡನ್ನು ಬರಿಗೈಲಿ ಮುಟ್ಟಬೇಡಿ, ಏರ್ ಪೈಪ್ ಹಿಡಿದು ಊದಬೇಡಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ. ಒಣಗಿದ ಹಿಕ್ಕೆಯ ಧೂಳೂ ಮೂಗಿಗೆ ಹೋಗಬಾರದು. ನಾವು ಗ್ಲೌಸ್, ಮಾಸ್ಕ್ ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ, ಕಾಲು ಗಂಟೆ ಬಿಟ್ಟು, ಕವರಿನಲ್ಲಿ ಎತ್ತಿ ಕಟ್ಟಿದೆವು. ಬ್ಲೋವರ್ ಇಳಿಸಿ ಅದರ ರೆಕ್ಕೆಗಳನ್ನು ಬ್ರಷ್‌ನಲ್ಲಿ ಉಜ್ಜಿದೆವು. ಕಾಯಿಲ್ ತೊಳೆದು ಒಣಗಿಸಿ ಹೊಸ ಫಿಲ್ಟರ್ ಹಾಕಿದೆವು. ಗಾಳಿ ಒಳಬರುವ ಬಾಯಿಗೆ ಸ್ಟೀಲ್ ಜಾಲರಿ ಕತ್ತರಿಸಿ ಬಿಗಿದೆವು. ನುಸಿ ಗುಳಿಗೆ ಇಟ್ಟರೆ ಇಲಿ ಬರಲ್ಲ ಅಂತ ಕೆಲವರು ಡ್ಯಾಶ್‌ಬೋರ್ಡ್ ಹಿಂದೆ ಇಡುತ್ತಾರೆ. ಆ ಗುಳಿಗೆಯ ಆವಿಯನ್ನು ದಿನಾ ಉಸಿರಾಡುವವರು ನೀವು. ನಾನು ಯಾರ ಗಾಡಿಗೂ ಇಡುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಗ್ಯಾರೇಜ್ ಮುಂದೆಯೇ ಸ್ಟಾರ್ಟ್ ಮಾಡಿ ನೋಡಿದೆ. ಸ್ವಚ್ಛ ಗಾಳಿ. ಕಳಿಸಿದೆ.

ಮೂರನೇ ದಿನ ಅಮ್ಮನ ಫೋನು. "ಏನಪ್ಪಾ, ಇವರು ಹೇಳ್ತಿದ್ದ ವಾಸನೆ ಹೋಯ್ತು. ನಾನು ಹೇಳಿದ್ದು ಹಾಗೇ ಇದೆ."

ಪಾಕ

ಆ ಮಾತು ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನು ನೋಡಿದ್ದು 28 ಡಿಗ್ರಿ ಬಿಸಿಲಿನಲ್ಲಿ. ನಾಬ್ ನೀಲಿ ಕಡೆ ಇತ್ತು. ಎಂಜಿನ್ ಪೂರ್ತಿ ಬಿಸಿಯಾಗಿಯೂ ಇರಲಿಲ್ಲ. ಹೀಟರ್ ದೂರು ಹೇಳಿದವರ ಗಾಡಿಯಲ್ಲಿ ನಾನು ಹೀಟರನ್ನೇ ಹಾಕಿ ನೋಡಿರಲಿಲ್ಲ.

ಇಲ್ಲಿ ಹೀಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಒಳಗೆ ಕರೆಂಟಿನ ಕಾಯಿಲ್ ಇದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಂಥ ಪೆಟ್ರೋಲ್ ಕಾರಿನಲ್ಲಿ ಬಿಸಿ ಬರುವುದು ಎಂಜಿನ್‌ನಿಂದ. ಎಂಜಿನ್ ತಣ್ಣಗಿಡಲು ಓಡಾಡುವ ಕೂಲೆಂಟಿನ ಒಂದು ಪಾಲು ಎರಡು ರಬ್ಬರ್ ಹೋಸುಗಳಲ್ಲಿ ಡ್ಯಾಶ್‌ಬೋರ್ಡ್ ಒಳಗೆ ಬಂದು ಹೋಗುತ್ತದೆ. ಅಲ್ಲಿ ಒಂದು ಪುಟ್ಟ ರೇಡಿಯೇಟರ್ ಇದೆ. ಅದೇ ಹೀಟರ್ ಕೋರ್. ಈ ಕಾರಿನಲ್ಲಿ ಕೂಲೆಂಟ್ ವರ್ಷವಿಡೀ ಅದರೊಳಗೆ ಹರಿಯುತ್ತಲೇ ಇರುತ್ತದೆ. ನಾಬ್ ಕೆಂಪಿಗೆ ತಿರುಗಿಸಿದರೆ ಒಂದು ಸಣ್ಣ ಬಾಗಿಲು ಸರಿದು ಗಾಳಿಯನ್ನು ಕೋರ್ ಮೇಲೆ ಹಾಯಿಸುತ್ತದೆ, ಅಷ್ಟೇ. ಕೋರ್ ಆಗಸ್ಟಿನಲ್ಲೇ ಸೋರಲು ಶುರುವಾಗಿದ್ದರೂ ಮೂಗಿಗೆ ಗೊತ್ತಾಗುವುದು ಜನವರಿಯಲ್ಲಿ.

ಕೂಲೆಂಟಿನಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಬಿಸಿ ಕೂಲೆಂಟಿನ ವಾಸನೆ ಸಿಹಿ. ಬಿಸಿ ಕೋರ್ ಮೇಲೆ ಅದು ಆವಿಯಾಗಿ ಬಂದರೆ ಅಡುಗೆಮನೆಯಲ್ಲಿ ಪಾಕ ಕಾದ ಹಾಗೇ ಇರುತ್ತದೆ. ಗಾಜಿನ ಮೇಲೆ ಕೂತ ಜಿಡ್ಡು ಪೊರೆಯೂ ಅದೇ. ಮೊದಲ ದಿನವೇ ಅಮ್ಮ ಕಾಯಿಲೆಯ ಹೆಸರು ಹೇಳಿದ್ದರು.

ಗಾಡಿ ಸಂಜೆ ತರಿಸಿಕೊಂಡೆ. ರಾತ್ರಿ ಇಡೀ ತಣ್ಣಗಾಗಲು ಬಿಟ್ಟು ಬೆಳಗ್ಗೆ ಆರಕ್ಕೆ ಬಾನೆಟ್ ಎತ್ತಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿ ನೀರು ಮುಖಕ್ಕೇ ಹಾರುತ್ತದೆ, ಆ ಅವಸರ ಯಾರಿಗೂ ಬೇಡ. ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಒಂದು ಬೆರಳು ಕಮ್ಮಿ. ಬಣ್ಣ ಚಹಾದ್ದು.

"ಮೇಷ್ಟ್ರೇ, ಇದಕ್ಕೆ ಏನು ಹಾಕ್ತೀರಿ?"

"ಕಮ್ಮಿ ಆದಾಗ ನೀರು ಹಾಕ್ತೀನಪ್ಪಾ. ಸಂಪಿನದು."

"ಬೋರ್ ನೀರಾ?"

"ಬೇಸಿಗೆಯಲ್ಲಿ ಬೋರೇ."

"ಎಷ್ಟು ದಿನಕ್ಕೊಮ್ಮೆ?"

"ಈಗೀಗ ಹದಿನೈದು ದಿನಕ್ಕೆ ಅರ್ಧ ಲೋಟ."

ಆ ಅರ್ಧ ಲೋಟ ಎಲ್ಲಿಗೆ ಹೋಗುತ್ತಿದೆ ಅನ್ನುವುದೇ ಪ್ರಶ್ನೆ. ಕೂಲೆಂಟ್ ಮುಚ್ಚಿದ ದಾರಿಯಲ್ಲಿ ಓಡುತ್ತದೆ, ಹಾಗೆಲ್ಲ ಕಮ್ಮಿ ಆಗಬಾರದು. ಆಯಿಲ್ ಮುಚ್ಚಳ ತೆಗೆದು ನೋಡಿದೆ. ಒಳಗೆ ಕೆನೆ ಮಜ್ಜಿಗೆಯಂಥ ಬಿಳಿ ಜಿಡ್ಡಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ. ಅಂದರೆ ಎಂಜಿನ್ ಒಳಗೆ ಕೂಲೆಂಟ್ ನುಗ್ಗದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವ ಹಾಗಿರಲಿಲ್ಲ. ರೇಡಿಯೇಟರ್ ಬಾಯಿಗೆ ಗೇಜ್ ಇರುವ ಕೈ ಪಂಪ್ ಸಿಕ್ಕಿಸಿ 1 ಬಾರ್ ಒತ್ತಡ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಮುಳ್ಳು 0.8ಕ್ಕೆ ಇಳಿಯಿತು. ಟಾರ್ಚ್ ಹಿಡಿದು ಹೋಸುಗಳು, ವಾಟರ್ ಪಂಪ್, ರೇಡಿಯೇಟರ್ ತಳ ಎಲ್ಲ ಸವರಿ ನೋಡಿದೆವು. ಎಲ್ಲೂ ಒದ್ದೆ ಇಲ್ಲ. ಹೊರಗೆ ಸೋರದಿದ್ದರೆ ಒಳಗೇ ಸೋರಬೇಕು.

ಆಕ್ಸಿಲರೇಟರ್ ಪಕ್ಕದಲ್ಲಿ ಕಾರ್ಪೆಟ್ ಅಂಚು ಎತ್ತಿ, ಕೆಳಗಿನ ಸ್ಪಂಜಿಗೆ ಬಿಳಿ ಟಿಶ್ಯೂ ಪೇಪರ್ ಒತ್ತಿ ಹಿಡಿದೆ. ಎಸಿ ನೀರಾದರೆ ಪೇಪರ್ ಬರೀ ಒದ್ದೆಯಾಗಿ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಇದರ ಮೇಲೆ ತೆಳು ಚಹಾ ಬಣ್ಣದ ಕಲೆ ಬಂತು. ಎರಡು ಬೆರಳ ನಡುವೆ ಉಜ್ಜಿದರೆ ಜಾರಿತು. ಮೂಗಿನ ಹತ್ತಿರ ತಂದೆ. ಸಕ್ಕರೆ ಪಾಕ. ಹಳೇ ಮೆಕ್ಯಾನಿಕ್‌ಗಳು ಕೆಲವರು ನಾಲಗೆ ತುದಿಗೆ ಇಟ್ಟು ನೋಡುತ್ತಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಅದು ಕಿಡ್ನಿ ಹಾಳು ಮಾಡುವ ವಿಷ.

ಏನು ಮಾಡುವುದು ಅನ್ನುವ ಚರ್ಚೆ

ದಾರಿ ಮೂರು ಇದ್ದವು. ರೇಡಿಯೇಟರ್‌ಗೆ ಸುರಿಯುವ ಲೀಕ್ ಸ್ಟಾಪ್ ಪುಡಿ ಅಗ್ಗ. ಅದು ತೂತನ್ನು ಮುಚ್ಚಬಹುದು. ಆದರೆ ಅದೇ ಪುಡಿ ಕೋರಿನ ಸಣ್ಣ ನಾಳಗಳನ್ನೂ, ರೇಡಿಯೇಟರ್ ನಾಳಗಳನ್ನೂ ಕಟ್ಟಬಹುದು. ನಾನು ಅದನ್ನು ಹಾಕುವುದಿಲ್ಲ ಅಂತ ಹೇಳಿಬಿಟ್ಟೆ.

ಎರಡನೆಯದು ಬೈಪಾಸ್. ಹೀಟರ್‌ಗೆ ಹೋಗುವ ಎರಡೂ ಹೋಸುಗಳನ್ನು ಎಂಜಿನ್ ಕಡೆಯಲ್ಲೇ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿಯುವುದು. ಅರ್ಧ ಗಂಟೆ ಕೆಲಸ. ಬೆಂಗಳೂರಲ್ಲಿ ಹೀಟರ್ ಯಾಕೆ ಬೇಕು ಅಂತ ಎಷ್ಟೋ ಗಾಡಿಗಳು ಹೀಗೇ ಓಡುತ್ತಿವೆ. ತಪ್ಪೇನಿಲ್ಲ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಎಸಿ ಸಾಕಾಗುತ್ತದೆ. ಆದರೆ ಮೇಷ್ಟ್ರ ಮಗಳ ಮನೆ ಮಡಿಕೇರಿಯಲ್ಲಿ. ವರ್ಷಕ್ಕೆ ಮೂರು ಸಲ ಹೋಗುತ್ತಾರೆ. ಆ ಚಳಿಗೆ, ಆ ಮಂಜಿಗೆ, ವಯಸ್ಸಾದ ಇಬ್ಬರಿಗೆ ಹೀಟರ್ ಬೇಕು ಅಂತ ನನಗೆ ಅನಿಸಿತು.

ಮೂರನೆಯದು ಹೊಸ ಕೋರ್. ಅದಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಸಾಮಾನಿಗಿಂತ ಕೂಲಿಯೇ ಜಾಸ್ತಿ. ಎರಡು ದಿನ ಗಾಡಿ ಗ್ಯಾರೇಜಿನಲ್ಲೇ.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಎಳ್ಳು ಬೀರಲು ಅಮ್ಮನಿಗೆ ಗಾಡಿ ಬೇಕು. ಹಾಗಾಗಿ ಮೊದಲು ಬೈಪಾಸ್ ಮಾಡಿದೆ. ಇದರಿಂದ ಇನ್ನೊಂದು ಅನುಕೂಲ: ಕಾಯಿಲೆ ಕೋರಿನದೇ ಅಂತ ಖಾತ್ರಿ ಆಗುತ್ತದೆ. ಮರುದಿನ ಬೆಳಗ್ಗೆ ಅಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕನಕಪುರ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ. ನಾಬ್ ಪೂರ್ತಿ ಕೆಂಪು, ಬ್ಲೋವರ್ ನಾಲ್ಕರಲ್ಲಿ. ಬಂದದ್ದು ತಣ್ಣನೆ ಗಾಳಿ. "ಪಾಕ ಇಲ್ಲ. ಕಾಲ ಹತ್ತಿರ ಮಾತ್ರ ಚೂರು ಇದೆ" ಅಂದರು. ಕಾಲ ಹತ್ತಿರದ್ದು ಕಾರ್ಪೆಟ್ ಕುಡಿದ ಕೂಲೆಂಟ್. ಅವರ ಮೂಗನ್ನು ನಾನು ಈಗ ಗೇಜಿನಷ್ಟೇ ನಂಬುತ್ತೇನೆ.

ಹಬ್ಬ ಮುಗಿದ ಮೇಲೆ ಜೆಸಿ ರೋಡಿನಿಂದ ಕೋರ್ ತಂದು ಕೆಲಸ ಶುರು ಮಾಡಿದೆವು. ಮೊದಲು ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಏರ್‌ಬ್ಯಾಗ್ ಇರುವ ಗಾಡಿ. ಬಿಚ್ಚಿದ ಸ್ಕ್ರೂಗಳನ್ನು ಮೊಟ್ಟೆ ಟ್ರೇಯಲ್ಲಿ ಗುಂಪು ಗುಂಪಾಗಿ ಇಟ್ಟು ಚೀಟಿ ಅಂಟಿಸಿದೆವು. ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಮಿಕ್ಕರೂ ಡ್ಯಾಶ್‌ಬೋರ್ಡ್ ಹಂಪ್ ಹಂಪಿಗೂ ಕಿರುಗುಟ್ಟುತ್ತದೆ. ಈ ಮಾಡೆಲಿನಲ್ಲಿ ಎಸಿ ಗ್ಯಾಸ್ ಬಿಡದೆಯೇ ಕೋರ್ ಎಳೆಯಬಹುದು, ಅದೊಂದು ಖರ್ಚು ಉಳಿಯಿತು.

ಹೊರಗೆ ಬಂದ ಕೋರ್ ಅನ್ನು ಮೇಷ್ಟ್ರಿಗೂ ತೋರಿಸಿದೆ. ಪುಸ್ತಕದಷ್ಟು ದಪ್ಪದ ಅಲ್ಯೂಮಿನಿಯಂ ಡಬ್ಬಿ. ಒಂದು ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು, ಅದರ ಸುತ್ತ ಹೆಪ್ಪುಗಟ್ಟಿದ ಅಂಟು. ಹ್ಯಾಕ್ಸಾದಲ್ಲಿ ಕೊಯ್ದು ನೋಡಿದೆವು. ನಾಳಗಳ ಒಳಗೆ ಬಿಳಿ ಹೊಪ್ಪಳೆ. ಗ್ಯಾರೇಜಿನ ಊಟದ ಡಬ್ಬಿಯಲ್ಲಿ ಅರ್ಧ ಹೋಳು ನಿಂಬೆಹಣ್ಣಿತ್ತು. ಆ ಹೊಪ್ಪಳೆ ಮೇಲೆ ಹಿಂಡಿದೆ. ಚುಯ್ ಅಂತ ಸಣ್ಣಗೆ ನೊರೆ ಎದ್ದಿತು. ಸುಣ್ಣ. ಬೋರ್ ನೀರಿನ ಬಕೆಟ್ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ. ಮೇಷ್ಟ್ರು ಬಹಳ ಹೊತ್ತು ಅದನ್ನೇ ನೋಡಿದರು. "ಅರ್ಧ ಲೋಟ ಅರ್ಧ ಲೋಟ ಅಂತ ನಾನೇ ತುಂಬಿಸಿದ್ದು" ಅಂದರು.

ಬೋರ್ ನೀರು ಎರಡು ಥರ ಕೆಡಿಸುತ್ತದೆ. ಸುಣ್ಣ ಕಟ್ಟಿ ದಾರಿ ಕಿರಿದು ಮಾಡುತ್ತದೆ. ಜೊತೆಗೆ ಕೂಲೆಂಟಿನಲ್ಲಿರುವ, ಲೋಹ ತಿನ್ನದ ಹಾಗೆ ಕಾಯುವ ಔಷಧವನ್ನು ತೆಳ್ಳಗೆ ಮಾಡುತ್ತದೆ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರಿದ್ದಾರೆ. ಇಲ್ಲಿ ಕೂಲೆಂಟ್ ಬೇಕಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಕಾವೇರಿ ನೀರೂ ಬೇಡ. ಬ್ಯಾಟರಿಗೆ ಅಂತ ಮಾರುವ ಡಿಸ್ಟಿಲ್ಡ್ ವಾಟರ್ ಸಾಕು, ಅದೇನೂ ದುಬಾರಿ ಅಲ್ಲ.

ಎಂಜಿನ್, ರೇಡಿಯೇಟರ್ ಎರಡನ್ನೂ ಡಿಸ್ಟಿಲ್ಡ್ ವಾಟರ್ ಹಾಕಿ, ಬಣ್ಣ ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದೆವು. ಮ್ಯಾನುವಲ್‌ನಲ್ಲಿ ಹೇಳಿದ ಜಾತಿಯ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ ತುಂಬಿದೆವು. ಹಸಿರಿಗೆ ಹಸಿರು ಅಂತ ಬಣ್ಣ ನೋಡಿ ಬೆರೆಸಬೇಡಿ, ಕಂಪನಿಗೊಂದು ಬಣ್ಣ ಇರುತ್ತದೆ. ಮೂತಿ ಎತ್ತರವಾಗುವ ಹಾಗೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಎಂಜಿನ್ ಓಡಿಸಿದೆವು. ಒಳಗೆ ಗಾಳಿ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡ್ ಹಿಂದೆ ಗುಳು ಗುಳು ಸದ್ದು ಬರುತ್ತದೆ, ಹೀಟರ್ ಬಿಸಿ ಕೊಡುವುದಿಲ್ಲ.

ಇನ್ನು ಕಾರ್ಪೆಟ್. ಇದನ್ನು ಬಿಟ್ಟರೆ ಅಷ್ಟೂ ಕೆಲಸ ವ್ಯರ್ಥ. ಗ್ಲೈಕಾಲ್ ನೀರಿನ ಹಾಗೆ ಬೇಗ ಆರಿಹೋಗುವುದಿಲ್ಲ. ಸ್ಪಂಜಿನಲ್ಲಿ ಉಳಿದರೆ ವಾರಗಟ್ಟಲೆ ವಾಸನೆ ಬಿಡುತ್ತಾ ಇರುತ್ತದೆ. ಹೇಗೂ ಡ್ಯಾಶ್‌ಬೋರ್ಡ್ ಹೊರಗಿತ್ತು. ಸೀಟೂ ಬಿಚ್ಚಿ, ಕಾರ್ಪೆಟ್ ಪೂರ್ತಿ ಹೊರತೆಗೆದು, ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು, ಶೀಟ್ ಮೇಲೆ ಎರಡು ದಿನ ಬಿಸಿಲಿಗೆ ಹರಡಿದೆವು. ಗಾಜನ್ನು ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದೆವು. ಮೂರನೇ ಬಟ್ಟೆಗೆ ಜಿಡ್ಡು ಬಿಟ್ಟಿತು.

ಹಳೇ ಕೂಲೆಂಟನ್ನು ಕ್ಯಾನಿನಲ್ಲಿ ತುಂಬಿ ಮುಚ್ಚಳ ಬಿಗಿದು ಎತ್ತಿಟ್ಟೆ. ಮೋರಿಗೆ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರುಚಿ ಸಿಹಿ, ಬೀದಿ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪ ನೆಕ್ಕಿದರೂ ಅವು ಒದ್ದಾಡಿ ಸಾಯುತ್ತವೆ.

ಗಾಡಿ ಕೊಡುವಾಗ ಕೂಲೆಂಟ್ ಡಬ್ಬಿಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದೆ. ವಾರಕ್ಕೊಮ್ಮೆ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಿ, ಕಮ್ಮಿಯಾದರೆ ನೀರು ಹಾಕದೆ ನನಗೆ ಫೋನ್ ಮಾಡಿ ಅಂತ ಹೇಳಿದೆ. ಆ ಕೆಲಸವನ್ನು ಅಮ್ಮ ತಾವೇ ವಹಿಸಿಕೊಂಡರು.

ಶಿವರಾತ್ರಿಗೆ ಮೊದಲು ಅವರು ಮಡಿಕೇರಿಗೆ ಹೋಗಿ ಬಂದರು. ಬಂದ ಮರುದಿನ ಬೆಳಗ್ಗೆ ಫೋನ್ ಬಂತು. "ಹೀಟರ್ ಹಾಕ್ಕೊಂಡೇ ಹೋದ್ವಿ ಕಣಪ್ಪಾ, ಇವರು ನಿದ್ದೆನೇ ಮಾಡಿಬಿಡ್ತಿದ್ರು, ನಾನು ಕಿಟಕಿ ಸ್ವಲ್ಪ ಇಳಿಸಿದೆ. ಈಗ ತಾನೇ ಡಬ್ಬಿ ನೋಡಿ ಬಂದೆ. ಗೆರೆ ಹತ್ರಾನೇ ಇದೆ."